ರ್ಯಾಂಕ್ ಇಲ್ಲದ 200 ಕಿಲೊಮೀಟರ್: ಬ್ರೆವೆ ಸವಾರಿಯ ವಿಮರ್ಶೆ

ಮೊದಲು ಇದೇನೆಂದು ಹೇಳಿಬಿಡುತ್ತೇನೆ. ಬ್ರೆವೆ ಎಂದರೆ ಗೊತ್ತುಮಾಡಿದ ದೂರವನ್ನು ಗೊತ್ತುಮಾಡಿದ ಗಡುವಿನೊಳಗೆ ಸೈಕಲ್ ಮೇಲೆ ಮುಗಿಸುವ ಸವಾರಿ. 200 ಕಿಲೊಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ತಿಂಡಿ ತಿಂದದ್ದು, ಪಂಕ್ಚರ್ ಹಾಕಿದ್ದು, ಮರದ ಕೆಳಗೆ ಕಾಲು ಚಾಚಿ ಕೂತದ್ದು ಎಲ್ಲವೂ ಆ ಲೆಕ್ಕದೊಳಗೇ ಬರಬೇಕು. ನಿಯಮ ಮಾಡಿದ್ದು, ಮುಗಿಸಿದವರ ಹೆಸರನ್ನು ದಾಖಲು ಮಾಡಿಕೊಳ್ಳುವುದು ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್. ನಮ್ಮ ದೇಶದಲ್ಲಿ ಅದರ ಕೆಲಸ ನೋಡಿಕೊಳ್ಳುವುದು ಆಡಾಕ್ಸ್ ಇಂಡಿಯಾ ರ್ಯಾಂಡೊನರ್ಸ್. ಊರೂರಿನ ಸೈಕಲ್ ಕ್ಲಬ್ಬುಗಳು ದಾರಿ ಹಾಕಿ, ದಿನ ಗೊತ್ತುಮಾಡಿ, ಕೆಲವು ನೂರು ರೂಪಾಯಿ ಶುಲ್ಕ ತೆಗೆದುಕೊಂಡು ನಡೆಸಿಕೊಡುತ್ತವೆ. ಮುಗಿಸಿದವರಲ್ಲಿ ಮೊದಲನೆಯವರು ಯಾರು, ಕೊನೆಯವರು ಯಾರು ಎಂದು ಯಾರೂ ಸಾರುವುದಿಲ್ಲ. ಬಹುಮಾನವಿಲ್ಲ, ವೇದಿಕೆಯಿಲ್ಲ.

ಇಷ್ಟು ಹೇಳಿದ ಮೇಲೆ ಜನ ಕೇಳುವ ಪ್ರಶ್ನೆ ಒಂದೇ. "ಹಾಗಾದ್ರೆ ಗೆಲ್ಲೋದು ಯಾರು?" ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದರು, ನಮ್ಮ ಅತ್ತಿಗೆಯೂ ಕೇಳಿದರು. ಗಡುವಿನೊಳಗೆ ಮುಗಿಸಿದವರೆಲ್ಲ ಎಂದೆ. ಅತ್ತಿಗೆ ಬಿಡಲಿಲ್ಲ. "ಎಲ್ಲರೂ ಗೆದ್ದ ಮೇಲೆ ಅದು ಗೆದ್ದ ಹಾಗೆ ಹೇಗಾಗತ್ತೆ?" ನ್ಯಾಯವಾದ ಪ್ರಶ್ನೆ. ಬ್ರೆವೆಯ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಆ ಪ್ರಶ್ನೆಯಿಂದ.

ನಾನು ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ನಮ್ಮ ಕಸುಬು ಪೂರ್ತಿ ರ್ಯಾಂಕಿನ ನೆರಳಿನಲ್ಲಿ ನಡೆಯುತ್ತದೆ. ಮೇ-ಜೂನ್ ಬಂತೆಂದರೆ ಕಾಲೇಜಿಗೆ ಹೋಗುವ ದಾರಿಯುದ್ದಕ್ಕೂ ಫ್ಲೆಕ್ಸುಗಳು: ಕೊರಳಿಗೆ ಹಾರ ಹಾಕಿಕೊಂಡ ಹದಿನೆಂಟರ ಮಕ್ಕಳು, ಪಕ್ಕದಲ್ಲಿ ಅವರ ಮುಖಕ್ಕಿಂತ ದೊಡ್ಡದಾಗಿ ಬರೆದ ಅಂಕಿ. ನನ್ನ ಒಬ್ಬ ವಿದ್ಯಾರ್ಥಿನಿ ನಂಜನಗೂಡಿನ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಸರ್ಕಾರಿ ಸೀಟಿನಲ್ಲಿ ಎಂಜಿನಿಯರಿಂಗ್ ಓದಬೇಕು, ಹಾಸ್ಟೆಲ್ ಸಿಗುವ ಊರಾಗಬೇಕು, ಅಪ್ಪ ಸಾಲ ಮಾಡಬಾರದು. ಮೊದಲ ವರ್ಷದಲ್ಲೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇವಿಷ್ಟನ್ನು ಬರೆದಿಟ್ಟುಕೊಂಡಿದ್ದಳು. ಮೂರೂ ಆಯಿತು. ಸೀಟು ಸಿಕ್ಕ ವಾರ ನನ್ನನ್ನು ನೋಡಲು ಬಂದವಳು ಕುರ್ಚಿಯಲ್ಲಿ ಕೂತು ಅತ್ತಳು. ಬಸ್ ಸ್ಟ್ಯಾಂಡಿನ ಎದುರಿನ ಫ್ಲೆಕ್ಸಿನಲ್ಲಿ ಅವಳ ಹೈಸ್ಕೂಲಿನ ಗೆಳತಿಯ ಫೋಟೊ ಹಾಕಿದ್ದರಂತೆ. "ನಂದು ಸಾವಿರದ ಮೇಲೆ ಬಂತು ಮಿಸ್, ಅವಳದು ನೂರರ ಒಳಗೆ." ತಾನೇ ಬರೆದುಕೊಂಡಿದ್ದ ಮೂರೂ ಮಾತು ನಡೆದಿದ್ದವು ಅನ್ನುವುದು ಆ ಹೊತ್ತಿಗೆ ಅವಳ ಕಣ್ಣಿಗೆ ಬೀಳಲೇ ಇಲ್ಲ.

ಸಿಇಟಿ ರ್ಯಾಂಕಿನ ಮೇಲೆ ನನಗೆ ಸಿಟ್ಟಿಲ್ಲ. ಸೀಟು ಕಡಿಮೆ, ಕೇಳುವವರು ಹೆಚ್ಚು. ಪಿಯುಸಿ ಅಂಕದಲ್ಲಿ ಅರ್ಧ, ಸಿಇಟಿ ಅಂಕದಲ್ಲಿ ಅರ್ಧ ಸೇರಿಸಿ ಸಾಲು ನಿಲ್ಲಿಸದೆ ಎಂಜಿನಿಯರಿಂಗ್ ಸೀಟು ಹಂಚುವುದು ಹೇಗೆ? ಆದರೆ ರ್ಯಾಂಕಿನ ಗುಣ ನೋಡಿ. ನೀವು ತೆಗೆದ ಅಂಕ ಅಷ್ಟೇ ಇದ್ದರೂ ಪಕ್ಕದವರು ಎರಡು ಅಂಕ ಜಾಸ್ತಿ ತೆಗೆದರೆ ನಿಮ್ಮ ರ್ಯಾಂಕ್ ಕೆಳಗಿಳಿಯುತ್ತದೆ. ನಮ್ಮ ಕಾಲದ ಫಸ್ಟ್ ಕ್ಲಾಸಿಗೆ ಆ ಗುಣ ಇರಲಿಲ್ಲ. ನೂರಕ್ಕೆ ಅರವತ್ತು ಬಂದರೆ ಫಸ್ಟ್ ಕ್ಲಾಸ್. ಇಡೀ ಊರಿಗೆ ಬಂದರೂ ಫಸ್ಟ್ ಕ್ಲಾಸ್, ನಿಮಗೊಬ್ಬರಿಗೇ ಬಂದರೂ ಫಸ್ಟ್ ಕ್ಲಾಸ್. ಗೆರೆ ಮೊದಲೇ ಎಳೆದಿತ್ತು, ಅದು ಕದಲುತ್ತಿರಲಿಲ್ಲ. ಈಗ ಸೀಟು ಹಂಚುವ ಪ್ರಮೇಯವೇ ಇಲ್ಲದ ಕಡೆಗೂ ನಾವು ರ್ಯಾಂಕನ್ನು ತಂದುಕೊಂಡಿದ್ದೇವೆ. ಮನೆ ಎಷ್ಟು ಚದರ, ಮಗ ಯಾವ ದೇಶದಲ್ಲಿ, ಮಗಳ ಮದುವೆ ಯಾವ ಛತ್ರದಲ್ಲಿ, ಐವತ್ತರೊಳಗೆ ಎಷ್ಟು ಊರು ಸುತ್ತಿ ಬಂದಿರಿ. ಮಾನಸಗಂಗೋತ್ರಿಯಲ್ಲಿ ನನ್ನ ಜೊತೆ ಎಂಎಸ್ಸಿ ಮಾಡಿದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಗೃಹಪ್ರವೇಶದ ಫೋಟೊ ಬಿದ್ದರೆ ಸಾಕು, ಅರ್ಧ ಗುಂಪು ಎರಡು ದಿನ ಮಾತೇ ಆಡುವುದಿಲ್ಲ. ಯಾರೂ ಕೆಟ್ಟವರಲ್ಲ. ಎಲ್ಲರೂ ಮನಸ್ಸಿನಲ್ಲೇ ತಮ್ಮ ತಮ್ಮ ರ್ಯಾಂಕ್ ಲೆಕ್ಕ ಹಾಕುತ್ತಿರುತ್ತಾರೆ.

ಲಿಯೊನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಇದಕ್ಕೆ ಒಂದು ಸೂತ್ರ ಬರೆದಿಟ್ಟಿದ್ದಾನೆ. ತನ್ನ ಸಾಮರ್ಥ್ಯ ಎಷ್ಟೆಂದು ತಿಳಿದುಕೊಳ್ಳುವ ಹಂಬಲ ಎಲ್ಲ ಮನುಷ್ಯರಿಗೂ ಇರುತ್ತದೆ. ಅಳೆಯಲು ನೇರವಾದ ಅಳತೆಗೋಲು ಕೈಗೆ ಸಿಗದಿದ್ದಾಗ ಅಕ್ಕಪಕ್ಕದವರನ್ನು ನೋಡಿ ಅಳೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ಎರಡನೇ ಭಾಗ. ಹೋಲಿಸಿಕೊಳ್ಳಬೇಡ ಎಂದು ಎಷ್ಟು ಬುದ್ಧಿ ಹೇಳಿದರೂ ನಡೆಯುವುದಿಲ್ಲ. ಕೈಯಲ್ಲಿ ಬೇರೆ ಅಳತೆಗೋಲು ಇದ್ದರೆ ಮಾತ್ರ ಕಣ್ಣು ಪಕ್ಕದ ಮನೆಯಿಂದ ಈಚೆ ಬರುತ್ತದೆ. ಬ್ರೆವೆಯಲ್ಲಿ ನನಗೆ ಸಿಕ್ಕಿದ್ದು ಅಂಥ ಒಂದು ಅಳತೆಗೋಲು.

ಇನ್ನು ಸವಾರಿಯ ವಿಷಯ. ನಾನು ಇಲ್ಲಿ ಹೇಳುತ್ತಿರುವುದು ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಸುಂಟಿಕೊಪ್ಪ ಮುಟ್ಟಿ, ಅದೇ ದಾರಿಯಲ್ಲಿ ವಾಪಸು ಬರುವ 200 ಕಿಲೊಮೀಟರಿನದು. ಡಿಸೆಂಬರ್ ತಿಂಗಳು, ಬೆಳಗ್ಗೆ ಆರಕ್ಕೆ ಹೊರಡುವುದು. ಐದೂವರೆಗೇ ಬಂದು ಸಾಲಿನಲ್ಲಿ ನಿಲ್ಲಬೇಕು. ಮುಂದಿನ ದೀಪ, ಹಿಂದಿನ ಕೆಂಪು ದೀಪ, ಹೆಲ್ಮೆಟ್, ಮಿಂಚುವ ಪಟ್ಟಿಯ ಜಾಕೆಟ್ ಎಲ್ಲವನ್ನೂ ಟಾರ್ಚ್ ಹಾಕಿ ನೋಡುತ್ತಾರೆ. ಹಿಂದಿನ ದೀಪ ಮಂಕಾಗಿದ್ದ ಒಬ್ಬರನ್ನು, ಅವರು ಎಷ್ಟು ಗೋಗರೆದರೂ, ಬೇರೆ ದೀಪ ಹೊಂದಿಸಿಕೊಳ್ಳುವವರೆಗೆ ಬಿಡಲಿಲ್ಲ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಸಂಜೆ ಆರರ ಮೇಲೆ ಹುಣಸೂರು ರಸ್ತೆಯಲ್ಲಿ ಸೈಕಲ್ ಹೊಡೆದವರಿಗೆ ಅದರ ಬೆಲೆ ಗೊತ್ತು.

ಆಮೇಲೆ ಕೈಗೆ ಕಾರ್ಡ್ ಕೊಡುತ್ತಾರೆ. ಈ ಸವಾರಿಯ ಜೀವವೇ ಆ ಕಾರ್ಡು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಡಿಸಿದ ದಪ್ಪ ಕಾಗದ. ಮೇಲೆ ನಿಮ್ಮ ಹೆಸರು, ತುರ್ತಿಗೆ ಕರೆಯಬೇಕಾದವರ ನಂಬರು. ಒಳಗೆ ಒಂದೊಂದು ಕಂಟ್ರೋಲಿಗೆ, ಅಂದರೆ ತಪಾಸಣೆಯ ಜಾಗಕ್ಕೆ, ಒಂದೊಂದು ಚೌಕ. ಚೌಕದಲ್ಲಿ ಊರಿನ ಹೆಸರು, ಅಲ್ಲಿಗೆ ಎಷ್ಟು ದೂರ, ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ. ಪಕ್ಕದಲ್ಲಿ ಮುದ್ರೆಗೆ ಖಾಲಿ ಜಾಗ. ಸುಂಟಿಕೊಪ್ಪದ ಚೌಕದಲ್ಲಿ 100 ಕಿಲೊಮೀಟರ್, 8:56ರಿಂದ 12:40 ಎಂದಿತ್ತು. ಲೆಕ್ಕದ ಮೇಷ್ಟರಿಗೆ ಇದು ತಕ್ಷಣ ಹೊಳೆಯುತ್ತದೆ: ಗಂಟೆಗೆ 34ರ ವೇಗದಲ್ಲಿ ಹೋದರೆ 2 ಗಂಟೆ 56 ನಿಮಿಷ, 15ರ ವೇಗದಲ್ಲಿ ಹೋದರೆ 6 ಗಂಟೆ 40 ನಿಮಿಷ. ಎರಡು ಗೆರೆಯ ನಡುವೆ ಎಲ್ಲಿ ಬಂದರೂ ಸರಿ. ಅಂದರೆ ಇಲ್ಲಿ ತುಂಬ ಬೇಗ ಬಂದರೂ ಬಾಗಿಲು ಮುಚ್ಚಿರುತ್ತದೆ, ಕಾಯಬೇಕು! ಬೇಗ ಬಂದವರಿಗೆ ಏನೂ ಹೆಚ್ಚಿಗೆ ಕೊಡದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾರ್ಡನ್ನು ಬೆವರಿಗೆ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಜಾಕೆಟ್ಟಿನ ಹಿಂದಿನ ಜೇಬಿಗೆ ಇಟ್ಟುಕೊಳ್ಳಬೇಕು. ಕಳೆದುಕೊಂಡರೆ ಸವಾರಿಯೇ ಲೆಕ್ಕಕ್ಕಿಲ್ಲ.

ಇಲವಾಲ ದಾಟುವವರೆಗೆ ಮಂಜು. ಹುಡುಗರ ಗುಂಪೊಂದು ಮೊದಲ ಹತ್ತು ನಿಮಿಷದಲ್ಲೇ ಕಣ್ಮರೆಯಾಯಿತು. ಆ ಕ್ಷಣದ ಬಗ್ಗೆ ಮಾತ್ರ ಹೊಸಬರಿಗೆ ಎಚ್ಚರಿಕೆ ಹೇಳಬೇಕು. ಅವರ ಹಿಂದಿನ ಕೆಂಪು ದೀಪಗಳು ದೂರವಾಗುತ್ತಿದ್ದಂತೆ ಕಾಲು ತಾನಾಗಿ ಪೆಡಲನ್ನು ಜೋರಾಗಿ ಒತ್ತುತ್ತದೆ, ಯಾರೂ ಹೇಳಬೇಕಿಲ್ಲ. ಅದಕ್ಕೆ ಮಣಿದರೆ ಬಿಳಿಕೆರೆ ಹೊತ್ತಿಗೆ ತೊಡೆ ಬಿಗಿಯುತ್ತದೆ, ಕುಶಾಲನಗರದ ಹೊತ್ತಿಗೆ ಹೊಟ್ಟೆ ತೊಳೆಸುತ್ತದೆ. ನನ್ನ ಉಪಾಯವೆಂದರೆ ಹ್ಯಾಂಡಲ್ಲಿಗೆ ಅಂಟಿಸಿಕೊಂಡ ಒಂದು ಚೀಟಿ. ಹುಣಸೂರು ಎಂಟೂವರೆ, ಪಿರಿಯಾಪಟ್ಟಣ ಹತ್ತಕ್ಕೆ ಕಾಲು ಗಂಟೆ, ಕುಶಾಲನಗರ ಹನ್ನೊಂದು, ಸುಂಟಿಕೊಪ್ಪ ಹನ್ನೆರಡು. ನನ್ನ ಮಂಡಿ, ನನ್ನ ವಯಸ್ಸು, ಭಾನುವಾರದ ಅಭ್ಯಾಸ ಇವನ್ನೆಲ್ಲ ನೋಡಿ ಹಿಂದಿನ ರಾತ್ರಿ ಊಟದ ಮೇಜಿನ ಮುಂದೆ ಕೂತು ಬರೆದದ್ದು. ಆ ರಾತ್ರಿ ಬರೆದದ್ದಕ್ಕೆ ಬೆಳಗಿನ ಹುಮ್ಮಸ್ಸಿಗಿಂತ ಹೆಚ್ಚು ಬೆಲೆ ಕೊಡಬೇಕು ಎಂದು ತೀರ್ಮಾನಿಸಿದವಳಿಗೆ ದಾರಿ ಹಗುರಾಯಿತು.

ಹುಣಸೂರಿನಿಂದ ಆಚೆಗೆ ರಸ್ತೆ ಚೆಂದ. ಹೊಗೆಸೊಪ್ಪಿನ ಸೀಮೆ ಇದು. ಸೊಪ್ಪು ಬೇಯಿಸಿ ಮುಗಿದ ಬ್ಯಾರನ್ ಮನೆಗಳು ತಣ್ಣಗೆ ನಿಂತಿದ್ದವು, ಹರಾಜಿಗೆ ಬೇಲು ಹೊತ್ತ ಗಾಡಿಗಳು ಎದುರಿಗೆ ಬರುತ್ತಿದ್ದವು, ಶುಂಠಿ ತೊಳೆಯುವ ಕಡೆ ರಸ್ತೆಗೇ ಕೆಂಪು ನೀರು ಹರಿದಿತ್ತು. ಪಿರಿಯಾಪಟ್ಟಣದಲ್ಲಿ ತಿಂಡಿಗೆ ನಿಂತಾಗ ಜೊತೆಯಾದವರು ನಿವೃತ್ತ ಮೆಕ್ಯಾನಿಕ್ ಒಬ್ಬರು. ಅರವತ್ತೈದು ದಾಟಿದೆ. ಅವರದು ಗೇರಿಲ್ಲದ ಹಳೆಯ ಕಬ್ಬಿಣದ ಸೈಕಲ್ಲು. ಬ್ರೆವೆಯಲ್ಲಿ ಮನುಷ್ಯನ ಬಲದಿಂದ ಓಡುವ ಯಾವ ಸೈಕಲ್ಲಾದರೂ ಆದೀತು, ದೀಪ ಇರಬೇಕು ಅಷ್ಟೇ. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲುಗಳ ನಡುವೆ ಅದನ್ನು ಗೋಡೆಗೆ ಒರಗಿಸಿ, ನನ್ನ ಚೀಟಿಯನ್ನು ನೋಡಿ, "ಏನಮ್ಮಾ, ಟೈಂ ಟೇಬಲ್ ಹಾಕ್ಕೊಂಡ್ ಬಂದಿದೀಯ? ನಮ್ ಡಿಪೋ ಬಸ್ಸಿಗಿಂತ ಚೆನ್ನಾಗಿದೆ" ಎಂದರು. ಅಲ್ಲಿಂದ ಬೈಲಕುಪ್ಪೆಯವರೆಗೆ ಇಬ್ಬರೂ ಹೆಚ್ಚು ಮಾತಿಲ್ಲದೆ ಜೊತೆಯಲ್ಲೇ ಹೊಡೆದೆವು.

ಬೈಲಕುಪ್ಪೆಯ ಹತ್ತಿರ, ಹತ್ತೂಕಾಲು ದಾಟಿರಬಹುದು, ಬೆಳಗ್ಗೆ ಕಣ್ಮರೆಯಾಗಿದ್ದ ಹುಡುಗರು ಎದುರಿನಿಂದ ವಾಪಸು ಬಂದರು. ನಮಗಿಂತ ನಲವತ್ತು ಕಿಲೊಮೀಟರ್ ಮುಂದಿದ್ದಾರೆ ಎಂದಾಯಿತು. ಒಬ್ಬೊಬ್ಬರೂ ಕೈಯೆತ್ತಿ ಕೂಗಿ ಹೋದರು. "ಅಕ್ಕಾ ಸೂಪರ್! ಮುಂದೆ ಏರಿದೆ, ನೀರು ತುಂಬಿಸ್ಕೊಳ್ಳಿ!" ರ್ಯಾಂಕ್ ಇರುವ ಓಟದಲ್ಲಿ ಮುಂದಿನವರು ಹಿಂದಿನವರಿಗೆ ಏರಿನ ಸುದ್ದಿ ಹೇಳುವುದನ್ನು ನಾನು ನೋಡಿಲ್ಲ. ನನ್ನ ಸಮಯದಿಂದ ಅವರಿಗೆ ನಷ್ಟವಿಲ್ಲ, ಅವರ ಸಮಯದಿಂದ ನನಗೂ ಇಲ್ಲ. ಒಬ್ಬರದು ಇನ್ನೊಬ್ಬರದರಿಂದ ಕಳೆಯುವುದಿಲ್ಲ ಎಂದು ನಿಯಮದಲ್ಲೇ ಇರುವಾಗ ಜನರ ಒಳ್ಳೆಯತನಕ್ಕೆ ಜಾಗ ಸಿಗುತ್ತದೆ. ಅವರೇನು ನಮ್ಮ ಕಾಲೇಜಿನ ಮಕ್ಕಳಿಗಿಂತ ಹೆಚ್ಚು ಒಳ್ಳೆಯವರಲ್ಲ. ವ್ಯವಸ್ಥೆ ಬೇರೆ.

ಕುಶಾಲನಗರದಲ್ಲಿ ಕಾವೇರಿ ದಾಟಿದ ಮೇಲೆ ಗುಡ್ಡೆಹೊಸೂರು, ಆನೆಕಾಡು. ಮರಗಳ ನೆರಳಿದೆ, ಏರೂ ಇದೆ. ಸುಂಟಿಕೊಪ್ಪ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಹೋಟೆಲಿನ ಮುಂದೆ ಮಡಚುವ ಮೇಜು ಹಾಕಿಕೊಂಡು ಇಬ್ಬರು ಸ್ವಯಂಸೇವಕರು ಕೂತಿದ್ದರು. ಹುಡುಗಿ ಕಾರ್ಡ್ ತೆಗೆದುಕೊಂಡು, ಗಡಿಯಾರ ನೋಡಿ, 11:50 ಎಂದು ಬರೆದು, ಮುದ್ರೆ ಒತ್ತಿ, ಬಾಯಲ್ಲಿ ಊದಿ ಮಸಿ ಆರಿಸಿ ಕೊಟ್ಟಳು. ಮೇಡಂ, ಬಾಳೆಹಣ್ಣು ತಗೊಳ್ಳಿ, ಎಂದಳು. ಇವರು ಯಾರೂ ಸಂಬಳಕ್ಕೆ ಬಂದವರಲ್ಲ. ಇನ್ನೊಂದು ತಿಂಗಳು ತಾವು ಸವಾರಿ ಮಾಡುತ್ತಾರೆ, ಈ ತಿಂಗಳು ಮೇಜು ಕಾಯುತ್ತಾರೆ. ಶುಲ್ಕ ಇಷ್ಟು ಕಡಿಮೆ ಇರುವುದು ಅದರಿಂದಲೇ.

ವಾಪಸು ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ: ಬಿಸಿಲು, ಎದುರು ಗಾಳಿ, ಪಿರಿಯಾಪಟ್ಟಣದ ಹತ್ತಿರ ಒಂದು ಪಂಕ್ಚರ್. ಟ್ಯೂಬ್ ಬದಲಾಯಿಸಲು ಬಾರದವರು ಈ ಸವಾರಿಗೆ ಬರಬೇಡಿ. ಹಿಂದೆ ಕಾರಿನಲ್ಲಿ ಬಂದು ರಿಪೇರಿ ಮಾಡಿಕೊಡುವವರು ಇರುವುದಿಲ್ಲ, ನಿಮ್ಮವರೇ ಬಂದರೂ ಕಂಟ್ರೋಲಿನ ಹೊರಗೆ ಸಹಾಯ ಪಡೆಯುವಂತಿಲ್ಲ. ಹುಣಸೂರಿನ ಕಂಟ್ರೋಲಿನಲ್ಲಿ ಯಾರೂ ಕೂತಿರಲಿಲ್ಲ, ಅಂಗಡಿಯಲ್ಲಿ ಏನಾದರೂ ಕೊಂಡು ಸಮಯ ಮುದ್ರಿಸಿದ ಬಿಲ್ಲು ತರಬೇಕಿತ್ತು. ಅಲ್ಲಿ 155 ಕಿಲೊಮೀಟರಿಗೆ 4:20 ಗಡುವು, ನಾನು ಎಳನೀರಿನ ಆಸೆ ಬಿಟ್ಟು ಬಿಸ್ಕತ್ತಿನ ಬಿಲ್ಲು ಪಡೆದಾಗ ನಾಲ್ಕು ಗಂಟೆ. ಮೈಸೂರು ಮುಟ್ಟಿದ್ದು ಏಳಕ್ಕೆ ಹತ್ತು ನಿಮಿಷ ಇರುವಾಗ. ಒಟ್ಟು 12 ಗಂಟೆ 50 ನಿಮಿಷ.

ಅತ್ತಿಗೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದಾದ ಮೇಲೆ. ಏಳೂವರೆಗೆ ಕಂಟ್ರೋಲ್ ಮುಚ್ಚುತ್ತದೆ. ಮೆಕ್ಯಾನಿಕ್ ಬಂದಿರಲಿಲ್ಲ. ನಾವು ಏಳೆಂಟು ಜನ ಚಹಾ ಹಿಡಿದು ರಸ್ತೆ ನೋಡುತ್ತಾ ನಿಂತಿದ್ದೆವು. ಏಳೂವರೆ ಆಯಿತು. ಮೇಜಿನವರು ಸಾಮಾನು ಕಟ್ಟಲಿಲ್ಲ, ಕಾದರು. ಹದಿನೆಂಟು ನಿಮಿಷ ಕಳೆದ ಮೇಲೆ ಆ ಕಬ್ಬಿಣದ ಸೈಕಲ್ಲಿನ ದೀಪ ಕಾಣಿಸಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅವರು ಇಳಿದು, ಸ್ಟ್ಯಾಂಡ್ ಹಾಕಿ, ಕಾರ್ಡ್ ತೆಗೆದು ಕೊಟ್ಟರು. ನಮ್ಮಲ್ಲೊಬ್ಬ ಹುಡುಗ ಮೇಜಿನವನ ಕಿವಿಯಲ್ಲಿ, "ಅಣ್ಣಾ, ಏಳು ಇಪ್ಪತ್ತೊಂಬತ್ತು ಅಂತ ಬರೆದುಬಿಡಿ, ಯಾರಿಗೆ ಗೊತ್ತಾಗತ್ತೆ" ಎಂದ. ಹಿರಿಯರಿಗೆ ಅದು ಕೇಳಿಸಿತು. "ಬೇಡಪ್ಪ. ಬಂದಿದ್ದು ಎಷ್ಟು ಹೊತ್ತಿಗೋ ಅಷ್ಟೇ ಬರಿ. ಸುಳ್ಳು ಬರೆದ ಕಾರ್ಡ್ ಮನೇಲಿ ಇಟ್ಕೊಂಡು ನಾನೇನ್ ಮಾಡ್ಲಿ?" ಮೇಜಿನವನು 7:48 ಎಂದು ಬರೆದ. ಇನ್ನೂರು ಕಿಲೊಮೀಟರ್ ಗೇರಿಲ್ಲದ ಸೈಕಲ್ಲಿನಲ್ಲಿ ಮುಗಿಸಿದ ಮನುಷ್ಯ, ಲೆಕ್ಕದಲ್ಲಿ ಮುಗಿಸಿದಂತೆ ಆಗಲಿಲ್ಲ. ಅವರು ಒಂದಿಷ್ಟೂ ಮುಖ ಸಣ್ಣ ಮಾಡಿಕೊಳ್ಳದೆ, ಪಿರಿಯಾಪಟ್ಟಣದ ಹೋಟೆಲಿನಲ್ಲಿ ಎಷ್ಟು ಹೊತ್ತು ಕೂತೆವು, ಆನೆಕಾಡಿನ ಏರಿನಲ್ಲಿ ಎಷ್ಟು ದೂರ ಸೈಕಲ್ ತಳ್ಳಿದೆ ಎಂದು ಬೆರಳು ಮಡಿಸಿ ಲೆಕ್ಕ ಹಾಕಲು ಕೂತರು. ಎಲ್ಲಿ ಇಪ್ಪತ್ತು ನಿಮಿಷ ಉಳಿಸಬಹುದೆಂದು ಮುಂದಿನ ತಿಂಗಳಿಗೆ ನೋಡಬೇಕಲ್ಲ.

ಎಲ್ಲರೂ ಗೆಲ್ಲುವುದಿಲ್ಲ ಅತ್ತಿಗೆ. ಗೆಲ್ಲದೆ ಹೋಗಬಹುದು, ಹದಿನೆಂಟು ನಿಮಿಷಕ್ಕೆ ಹೋಗಬಹುದು. ಆದರೆ ಸೋತಿದ್ದು ಗಡಿಯಾರದ ಎದುರು, ಬೇರೆ ಯಾರ ಎದುರೂ ಅಲ್ಲ. ಹೋಲಿಕೆ ಬೇಡ ಎಂದಾಕ್ಷಣ "ಎಲ್ಲರೂ ಅವರವರ ಮಟ್ಟಿಗೆ ದೊಡ್ಡವರೇ" ಎಂದು ಮೃದುವಾಗಿ ಹೇಳಿ ಮುಗಿಸುವವರಿದ್ದಾರೆ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ, ನನ್ನ ವಿದ್ಯಾರ್ಥಿಗಳಿಗೂ ಇಲ್ಲ. ಹಾಗೆ ಹೇಳಿಸಿಕೊಂಡ ಮಗು ಮನೆಗೆ ಹೋಗಿ ಮತ್ತೆ ಫ್ಲೆಕ್ಸನ್ನೇ ನೆನೆಸಿಕೊಳ್ಳುತ್ತದೆ. ಗೆರೆ ಇರಬೇಕು, ಬಿಗಿಯಾಗಿಯೇ ಇರಬೇಕು, ಹೊರಡುವ ಮೊದಲೇ ಎಳೆದಿರಬೇಕು. ಆಮೇಲೆ ಪಕ್ಕದವರು ಎಂಟು ಗಂಟೆಯಲ್ಲಿ ಮುಗಿಸಿದರೂ ಅದು ನಿಂತಲ್ಲೇ ನಿಲ್ಲಬೇಕು.

ಈ ಪದ್ಧತಿ ಒಂದು ದಿನಕ್ಕೆ ಬಂದದ್ದಲ್ಲ. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಬರುವ 1,200 ಕಿಲೊಮೀಟರಿನ ಓಟ ಶುರುವಾದಾಗ ಅದು ಅಪ್ಪಟ ಪಂದ್ಯವೇ. ಶಾರ್ಲ್ ತೆರೊಂ ಎಂಬ ಸವಾರ 71 ಗಂಟೆ 22 ನಿಮಿಷದಲ್ಲಿ ಗೆದ್ದ. ಆಡಾಕ್ಸ್ ಕ್ಲಬ್ ಪ್ಯಾರಿಸಿಯೆನ್ ಹುಟ್ಟಿದ್ದು 1904ರಲ್ಲಿ. ತಮ್ಮ ತಮ್ಮ ವೇಗದಲ್ಲಿ ಹೋಗಿ ಗಡುವಿನೊಳಗೆ ಮುಗಿಸುವ ಬ್ರೆವೆಗಳನ್ನು ಅದು ನಡೆಸತೊಡಗಿದ್ದು 1921ರಿಂದ. ವೃತ್ತಿಪರರ ಪಂದ್ಯ 1951ಕ್ಕೆ ನಿಂತುಹೋಯಿತು, ಗಡುವಿನ ಸವಾರಿ ಉಳಿಯಿತು. ಈಗ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, 90 ಗಂಟೆಯ ಗಡುವು. 2023ರಲ್ಲಿ ನಡೆದದ್ದು, ಮುಂದಿನದು 2027ರಲ್ಲಿ. ಅದೇ ವರ್ಷ 200, 300, 400, 600 ನಾಲ್ಕನ್ನೂ ಮುಗಿಸಿದವರಿಗೆ ಅದಕ್ಕೆ ಅರ್ಹತೆ. ಒಂದು ಋತುವಿನಲ್ಲಿ ಈ ನಾಲ್ಕನ್ನೂ ಮುಗಿಸಿದವರನ್ನು ಸೂಪರ್ ರ್ಯಾಂಡೊನರ್, ಚುಟುಕಾಗಿ ಎಸ್‌ಆರ್, ಎನ್ನುತ್ತಾರೆ.

ನನ್ನ ತಕರಾರು ಶುರುವಾಗುವುದು ಇಲ್ಲಿ. ನಿಯಮದಲ್ಲಿ ಇಲ್ಲದ ರ್ಯಾಂಕನ್ನು ನಾವು ಹಿತ್ತಲ ಬಾಗಿಲಿನಿಂದ ಒಳಗೆ ತರುತ್ತಿದ್ದೇವೆ. ಸವಾರಿ ಮುಗಿಸಿದ ಅರ್ಧ ಗಂಟೆಯೊಳಗೆ ಫೋನಿನ ಆ್ಯಪಿನಲ್ಲಿ ಎಲ್ಲರ ವೇಗ, ಎಲ್ಲರ ಏರು, ಯಾರು ಎಷ್ಟು ಹೊತ್ತು ನಿಂತರು ಎಲ್ಲವೂ ಸಿಗುತ್ತದೆ. ಅಲ್ಲಿಗೆ ಹೋಗಿ ನೋಡಿದರೆ ಹನ್ನೆರಡೂ ಮುಕ್ಕಾಲು ಗಂಟೆಯ ಸಂತೋಷ ಹತ್ತೇ ನಿಮಿಷದಲ್ಲಿ ಕರಗಿಹೋಗುತ್ತದೆ. ನಾನು ಸವಾರಿಯ ದಾಖಲೆಯನ್ನು ನನಗೊಬ್ಬಳಿಗೇ ಕಾಣುವ ಹಾಗೆ ಇಟ್ಟುಕೊಂಡಿದ್ದೇನೆ, ನೀವೂ ಹಾಗೆ ಮಾಡಿ ಎಂದು ಧೈರ್ಯವಾಗಿ ಹೇಳುತ್ತೇನೆ. ಹೋದ ಡಿಸೆಂಬರಿನಲ್ಲಿ ಇದೇ ಏರಿನಲ್ಲಿ ನಾನು ಹೇಗಿದ್ದೆ ಎಂಬುದು ಬೇಕು. ಅದೇ ಏರಿನಲ್ಲಿ ಇನ್ನೊಬ್ಬರು ಹೇಗಿದ್ದರು ಎಂಬುದರಿಂದ ನನ್ನ ಮಂಡಿಗೆ ಏನೂ ಆಗಬೇಕಾದ್ದಿಲ್ಲ.

ಪದಕದ ವಿಷಯವೂ ಅಷ್ಟೇ. ಬೇಕಾದವರು ಪ್ರತ್ಯೇಕ ದುಡ್ಡು ಕೊಟ್ಟು ತರಿಸಿಕೊಳ್ಳಬಹುದು. ತರಿಸಿಕೊಂಡವರ ಮೇಲೆ ಆಕ್ಷೇಪವಿಲ್ಲ. ಆದರೆ "ನಿಮ್ಮದು ಎಷ್ಟಾಯ್ತು, ಎಸ್‌ಆರ್ ಮಾಡಿದ್ರಾ?" ಎಂದು ಚಹಾ ಅಂಗಡಿಯಲ್ಲಿ ಕೇಳುವ ದನಿ, ಮದುವೆಮನೆಯಲ್ಲಿ "ಮಗನ ಪ್ಯಾಕೇಜ್ ಎಷ್ಟು?" ಎನ್ನುವ ದನಿಯೇ. ನನ್ನನ್ನೂ ಬಹಳ ಜನ ಒತ್ತಾಯಿಸಿದ್ದಾರೆ. ಇನ್ನೂರು ಮಾಡಿದವರು ಮುನ್ನೂರು ಮಾಡಬಹುದು, ಮುನ್ನೂರಾದ ಮೇಲೆ ಆರುನೂರು ಏನು ಮಹಾ. ನಾನು 300ಕ್ಕೆ ನಿಲ್ಲಿಸಿದ್ದೇನೆ. 600ಕ್ಕೆ ರಾತ್ರಿ ನಿದ್ದೆ ಕೆಡಬೇಕು, ಸೋಮವಾರ ಒಂಬತ್ತಕ್ಕೆ ನನಗೆ ಇಂಟಿಗ್ರೇಶನ್ ಪಾಠ ಇರುತ್ತದೆ, ಆ ಮಕ್ಕಳ ಮುಂದೆ ತೂಕಡಿಸುತ್ತಾ ನಿಲ್ಲುವುದು ನನಗೆ ಬೇಡ. ಒಳ್ಳೆಯ ಪಾಠ ಮಾಡಬೇಕು, ವರ್ಷಕ್ಕೆ ಕೆಲವು ಬ್ರೆವೆ ಗಡುವಿನೊಳಗೆ ಮುಗಿಸಬೇಕು, ಅಮ್ಮನ ಮಾತ್ರೆ-ಊಟ ನನ್ನ ಕೈಯಿಂದ ತಪ್ಪಬಾರದು. ಚೀಟಿಯಲ್ಲಿ ಬರೆದುಕೊಂಡದ್ದು ಇಷ್ಟೇ, ಇದು ನಡೆದ ವರ್ಷವನ್ನು ಚೆನ್ನಾಗಿ ನಡೆದ ವರ್ಷ ಎಂದು ಕರೆಯುತ್ತೇನೆ. ಆರುನೂರು ಮಾಡುವವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಅವರ ಚೀಟಿ ಬೇರೆ.

ಇನ್ನೂ ಕೆಲವು ಕೊರತೆಗಳು. ಗಂಟೆಗೆ 15 ಎಂಬ ಗೆರೆಯನ್ನು ಎಳೆದದ್ದು ನಾವಲ್ಲ, ಮತ್ತೆ ಎಲ್ಲರ ದೇಹಕ್ಕೂ ಅದು ಎಟಕುವುದಿಲ್ಲ. ಎಟಕದವರಿಗೆ ಇಲ್ಲಿ ಬೇರೆ ಬಾಗಿಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ನಾನು ಹೋದ ಸವಾರಿಗಳಲ್ಲಿ ಸೂಚನೆಗಳೆಲ್ಲ ಇಂಗ್ಲಿಷಿನಲ್ಲೇ ಬಂದವು. ಪಿರಿಯಾಪಟ್ಟಣದ ಹುಡುಗನೊಬ್ಬ, ಒಳ್ಳೆಯ ಸವಾರ, ನಿಯಮದ ಹಾಳೆ ಅರ್ಥವಾಗದೆ ನನ್ನ ಹತ್ತಿರ ಓದಿಸಿಕೊಂಡ. ಮೈಸೂರಿನಿಂದ ಕೊಡಗಿಗೆ ಹೋಗುವ ಸವಾರಿಗೆ ಕನ್ನಡದ ಒಂದು ಪುಟ ಇರಬೇಕಲ್ಲವೇ? ಹೆಂಗಸರಿಗೆ ದಾರಿಯಲ್ಲಿ ಶೌಚಾಲಯದ್ದೇ ದೊಡ್ಡ ತಾಪತ್ರಯ. ಕಂಟ್ರೋಲ್ ಇಡುವ ಹೋಟೆಲನ್ನು ಆರಿಸುವಾಗ ಅದನ್ನೇ ಮೊದಲು ನೋಡಬೇಕು ಎಂದು ಪ್ರತಿ ಸಲ ಹೇಳಿ ಬರುತ್ತಿದ್ದೇನೆ, ಸ್ವಲ್ಪ ಸುಧಾರಿಸಿದೆ, ಸಾಲದು. ಹೆದ್ದಾರಿಯಲ್ಲಿ ಲಾರಿಗಳ ಪಕ್ಕದಲ್ಲಿ ಹೊಡೆಯಬೇಕಾದ್ದರಿಂದ ಮನೆಯವರ ಆತಂಕವೂ ಸುಳ್ಳಲ್ಲ. ಕತ್ತಲಾದ ಮೇಲೆ ಒಬ್ಬರೇ ಹೋಗದೆ ಇಬ್ಬರು-ಮೂವರು ಜೊತೆಯಾಗಿ.

ಇಷ್ಟೆಲ್ಲ ಇದ್ದರೂ ನನ್ನ ಶಿಫಾರಸು ಗಟ್ಟಿಯಾದದ್ದು. ವಾರ ಕಳೆದ ಮೇಲೆ ಫಲಿತಾಂಶ ಬಂತು. ಎಂಟು ಗಂಟೆಯಲ್ಲಿ ಮುಗಿಸಿದ ಹುಡುಗರ ಹೆಸರೂ ಇತ್ತು, ನನ್ನದೂ ಇತ್ತು. ಮೊದಲ ಸ್ಥಾನ, ಎರಡನೇ ಸ್ಥಾನ ಎಂದು ಎಲ್ಲೂ ಬರೆದಿರಲಿಲ್ಲ. ಮುಂದೆ ಫ್ರಾನ್ಸಿನಿಂದ ಬರುವ ದಾಖಲೆ ಸಂಖ್ಯೆಯೂ ಎಲ್ಲರಿಗೂ ಒಂದೇ ಬಗೆಯದು. ಮೆಕ್ಯಾನಿಕ್ ಅವರ ಹೆಸರು ಅದರಲ್ಲಿ ಇರಲಿಲ್ಲ. ನನಗೆ ಆ ಪಟ್ಟಿಯ ಮೇಲೆ ನಂಬಿಕೆ ಹುಟ್ಟಿದ್ದು ಅವರ ಹೆಸರು ಅಲ್ಲಿ ಇಲ್ಲದ್ದರಿಂದಲೂ ಹೌದು.

ಹೊಸ ಋತು ನವೆಂಬರ್ 1ಕ್ಕೆ ಶುರುವಾಗಿ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ. ಮೊದಲ ಸಲ ಬರುವವರು 200ನ್ನೇ ಹಿಡಿಯಿರಿ, ಡಿಸೆಂಬರ್-ಜನವರಿಯ ತಂಪಿನಲ್ಲಿ ಬನ್ನಿ. ಅದಕ್ಕೆ ಮೂರು ತಿಂಗಳು ಮೊದಲಿನಿಂದ ವಾರಕ್ಕೊಂದು ದಿನ ಉದ್ದ ಸವಾರಿ ಮಾಡಿ. ಮೈಸೂರಿನವರಿಗೆ ನಂಜನಗೂಡು-ಗುಂಡ್ಲುಪೇಟೆ ರಸ್ತೆ ಒಳ್ಳೆಯದು, ಏರಿಗೆ ಚಾಮುಂಡಿ ಬೆಟ್ಟ ಇದ್ದೇ ಇದೆ. ಹೊಸ ಸೈಕಲ್ ಕೊಳ್ಳಬೇಡಿ, ಇರುವುದರ ಚೈನಿಗೆ ಎಣ್ಣೆ ಹಾಕಿ, ಬ್ರೇಕ್ ಬಿಗಿ ಮಾಡಿಸಿ. ಎರಡು ಟ್ಯೂಬ್, ಪಂಪ್, ಚಿಲ್ಲರೆ ದುಡ್ಡು, ಉಪ್ಪು-ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ಯಾವ ಊರು ಎಂದು ಹಿಂದಿನ ರಾತ್ರಿ ನೀವೇ ಕೂತು ಬರೆಯಿರಿ, ಬೇರೆಯವರದನ್ನು ನಕಲು ಮಾಡಬೇಡಿ. ಚೀಟಿಯನ್ನು ಅಗಲವಾದ ಟೇಪಿನಲ್ಲಿ ಅಂಟಿಸಿ, ಸಣ್ಣ ಟೇಪು ಬೆವರಿಗೆ ಹುಣಸೂರಿನ ಹೊತ್ತಿಗೇ ಕಿತ್ತುಬರುತ್ತದೆ.